ರೋಗದ ಮುನ್ಸೂಚನೆ: ಎಷ್ಟು ನಂಬಬೇಕು, ಹೇಗೆ ಅಳೆಯಬೇಕು?

ಜುಲೈ ತಿಂಗಳ ರಾತ್ರಿ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳ ಮೊಬೈಲ್‌ನಲ್ಲೆಲ್ಲ ಒಂದೇ ಹುಡುಕಾಟ. ನಾಳೆ ರೆಡ್ ಅಲರ್ಟಾ, ಆರೆಂಜಾ? ಕಲೆಕ್ಟರ್ ರಜೆ ಕೊಟ್ಟರಾ? 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಹಳದಿ ಬಂದರೆ ಕೊಡೆ ಸಾಕು, ಕೆಂಪು ಬಂದರೆ ದೋಣಿ ಇಳಿಸಬಾರದು ಎಂಬುದು ಕಡಲ ಬದಿಯ ಪ್ರತಿಯೊಬ್ಬರಿಗೂ ಗೊತ್ತು. ರಜೆ ಕೊಟ್ಟ ದಿನವೇ ಬಿಸಿಲು ಬಂದರೆ ಇಲಾಖೆಗೆ ನಾಲ್ಕು ಮಾತು ಬೈದು, ಸಂಜೆ ಮತ್ತೆ ಅದೇ ಆ್ಯಪ್ ತೆರೆಯುತ್ತಾರೆ. ವರ್ಷಗಟ್ಟಲೆ ನೋಡಿ ನೋಡಿ, ಹವಾಮಾನದ ಮಾತನ್ನು ಎಷ್ಟು ನಂಬಬೇಕು ಅಂತ ಜನರಿಗೆ ಒಂದು ಅಂದಾಜು ಕುಳಿತಿದೆ.

ರೋಗದ ಮುನ್ಸೂಚನೆಯ ವಿಷಯದಲ್ಲಿ ಆ ಅಂದಾಜು ಇನ್ನೂ ಯಾರಲ್ಲೂ ಕುಳಿತಿಲ್ಲ. "ಇಂಥ ತಿಂಗಳಲ್ಲಿ ಅಲೆ ಬರುತ್ತದೆ", "ದಿನಕ್ಕೆ ಇಷ್ಟು ಲಕ್ಷ ಪ್ರಕರಣ" ಎಂಬ ಸುದ್ದಿ ಬಂದರೆ ಒಂದೋ ಪೂರ್ತಿ ನಂಬಿ ಗಾಬರಿಯಾಗುವುದು, ಇಲ್ಲವೇ "ಇವರ ಲೆಕ್ಕ ಯಾವಾಗ ಸರಿಯಾಗಿದೆ" ಅಂತ ಫಾರ್ವರ್ಡ್ ಮಾಡಿ ನಗುವುದು. ಎರಡರಿಂದಲೂ ನಷ್ಟ ಆಗಿದೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಜಿಲ್ಲೆಯಲ್ಲಿ ಕೋವಿಡ್ ಪ್ರಕರಣ ಏರುತ್ತಿದ್ದಂತೆ ತಲಪಾಡಿಯಲ್ಲಿ ಗಡಿ ಮುಚ್ಚಿತು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ರೋಗಿಗಳು ದಾರಿ ಸಿಗದೆ ಪ್ರಾಣ ಬಿಟ್ಟರು. ಕೊನೆಗೆ ಕೇರಳ ಹೈಕೋರ್ಟ್ ಮಧ್ಯ ಪ್ರವೇಶಿಸಬೇಕಾಯಿತು. ರೋಗ ಎಷ್ಟು ಹಬ್ಬಬಹುದು ಎಂಬ ಅಂದಾಜು ಕಾಗದದ ಮೇಲಿನ ಗೆರೆಯಾಗಿ ಉಳಿಯುವುದಿಲ್ಲ. ಅದು ಗೇಟಾಗುತ್ತದೆ, ಆಂಬುಲೆನ್ಸ್‌ಗೆ ಅಡ್ಡ ಹಾಕಿದ ಮಣ್ಣಿನ ರಾಶಿಯಾಗುತ್ತದೆ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿಯಾಗುತ್ತದೆ. ಹಾಗಾಗಿ ಅದನ್ನು ಓದುವುದು ಕಲಿತಿರುವುದು ಒಳ್ಳೆಯದು.

ಮಳೆಯ ಮುನ್ಸೂಚನೆಗೂ ರೋಗದ ಮುನ್ಸೂಚನೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮೋಡ ಪತ್ರಿಕೆ ಓದುವುದಿಲ್ಲ. "ನಾಳೆ ಭಾರೀ ಮಳೆ" ಅಂತ ಹೇಳಿದ್ದಕ್ಕೆ ಮಳೆ ಕಡಿಮೆಯಾಗುವುದೂ ಇಲ್ಲ, ಜಾಸ್ತಿಯಾಗುವುದೂ ಇಲ್ಲ. ಆದರೆ "ಮುಂದಿನ ತಿಂಗಳು ರೋಗ ಜೋರಾಗುತ್ತದೆ" ಅಂದರೆ ಜನ ಮಾಸ್ಕ್ ಹಾಕುತ್ತಾರೆ, ಮದುವೆ ಮುಂದೂಡುತ್ತಾರೆ, ಸರ್ಕಾರ ನಿಯಮ ಬಿಗಿ ಮಾಡುತ್ತದೆ, ಪ್ರಕರಣ ಕಡಿಮೆಯಾಗುತ್ತದೆ. ಆಗ "ನೋಡಿ, ಹೇಳಿದ್ದು ಸುಳ್ಳಾಯಿತು" ಎನ್ನುತ್ತಾರೆ. "ಇನ್ನೇನು ರೋಗ ಮುಗಿಯಿತು" ಅಂದರೆ ಜನ ಸಡಿಲ ಬಿಡುತ್ತಾರೆ, ರೋಗ ಮತ್ತೆ ಏರುತ್ತದೆ. ಹೇಳಿದ ಮಾತೇ ಹೇಳಿದ ಫಲಿತಾಂಶವನ್ನು ಬದಲಿಸುವ ವಿಚಿತ್ರ ಲೆಕ್ಕ ಇದು.

ಅಂಕಿ ಸರಿ, ಅರ್ಥ ತಪ್ಪು

ಭಾರತದಲ್ಲೇ ನಡೆದ ಒಂದು ಪ್ರಸಂಗ ನೋಡಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2020ರಲ್ಲಿ ಒಂದು ಸಮಿತಿ ರಚಿಸಿತು. ಹೈದರಾಬಾದ್ ಐಐಟಿಯ ಪ್ರೊ. ಎಂ. ವಿದ್ಯಾಸಾಗರ್ ಅದರ ಮುಖ್ಯಸ್ಥರು, ಕಾನ್ಪುರ ಐಐಟಿಯ ಪ್ರೊ. ಮಣೀಂದ್ರ ಅಗರ್ವಾಲ್ ಸದಸ್ಯರಲ್ಲೊಬ್ಬರು. ಇವರ ಲೆಕ್ಕಾಚಾರಕ್ಕೆ ಮುಂದೆ 'ಸೂತ್ರ' ಮಾಡೆಲ್ ಎಂಬ ಹೆಸರು ಬಂತು. 2020ರ ಅಕ್ಟೋಬರ್‌ನಲ್ಲಿ ಸಮಿತಿ ಹೇಳಿದ್ದು ಇಷ್ಟು: ದೇಶದಲ್ಲಿ ರೋಗ ಸೆಪ್ಟೆಂಬರ್‌ನಲ್ಲೇ ಶಿಖರ ದಾಟಿದೆ. ಮುನ್ನೆಚ್ಚರಿಕೆ ಪಾಲಿಸಿದರೆ 2021ರ ಫೆಬ್ರವರಿ ಕೊನೆಗೆ ಸಕ್ರಿಯ ಪ್ರಕರಣ ಬಹಳ ಕಡಿಮೆಯಾಗುತ್ತದೆ. ಒಟ್ಟು ಪ್ರಕರಣ ಸುಮಾರು 106 ಲಕ್ಷಕ್ಕೆ ನಿಲ್ಲಬಹುದು.

ಫೆಬ್ರವರಿ ಬಂತು. ದಿನದ ಪ್ರಕರಣ ಹತ್ತು ಹನ್ನೊಂದು ಸಾವಿರದ ಸುತ್ತ ಇಳಿಯಿತು. ತಿಂಗಳ ಕೊನೆಗೆ ಒಟ್ಟು ಪ್ರಕರಣ ಸುಮಾರು 111 ಲಕ್ಷ. ನಾಲ್ಕು ತಿಂಗಳ ಮೊದಲೇ ಹೇಳಿದ ಅಂಕಿಗೆ ಇದು ಎಷ್ಟು ಹತ್ತಿರ ಅಂದರೆ, ಪರೀಕ್ಷೆಯ ಪೇಪರ್ ತಿದ್ದುವ ಮಾಸ್ತರರು ಪೂರ್ಣ ಅಂಕ ಕೊಡಬಹುದಿತ್ತು. ಎರಡು ತಿಂಗಳಾದ ಮೇಲೆ ಅದೇ ದೇಶದಲ್ಲಿ ಆಕ್ಸಿಜನ್ ಸಿಲಿಂಡರ್‌ಗೆ ಜನ ಬೀದಿ ಬೀದಿ ಅಲೆದರು. 2021ರ ಮೇ 6ರಂದು, ರಂಝಾನ್ ತಿಂಗಳ ಕೊನೆಯ ದಿನಗಳಲ್ಲಿ, ಒಂದೇ ದಿನ 4.14 ಲಕ್ಷ ಪ್ರಕರಣ ದಾಖಲಾಯಿತು. ಆ ವರ್ಷದ ಈದ್ ಕೇರಳದಲ್ಲಿ ಲಾಕ್‌ಡೌನ್‌ನೊಳಗೇ ಕಳೆಯಿತು.

ತಪ್ಪಾದದ್ದು ಎಲ್ಲಿ? ಲೆಕ್ಕ ತನಗೆ ಗೊತ್ತಿದ್ದ ರೋಗದ ಬಗ್ಗೆ, ಗೊತ್ತಿದ್ದ ವೇಗದ ಬಗ್ಗೆ, ಫೆಬ್ರವರಿವರೆಗಿನ ಮಾತು ಆಡಿತ್ತು. ಡೆಲ್ಟಾ ಎಂಬ ಹೊಸ ರೂಪದ ವೈರಸ್ ಬರುತ್ತದೆ ಎಂಬುದು ಅದರೊಳಗೆ ಇರಲಿಲ್ಲ. ಮುನ್ನೆಚ್ಚರಿಕೆ ಬಿಟ್ಟರೆ ಒಂದೇ ತಿಂಗಳಲ್ಲಿ 26 ಲಕ್ಷ ಪ್ರಕರಣ ಏರಬಹುದು ಎಂಬ ಎಚ್ಚರಿಕೆಯೂ ಅದೇ ಅಕ್ಟೋಬರ್ ವರದಿಯಲ್ಲಿತ್ತು. ಅದು ಹೆಡ್‌ಲೈನ್ ಆಗಲಿಲ್ಲ. 'ಫೆಬ್ರವರಿಗೆ ಕೊರೊನಾ ಅಂತ್ಯ' ಎಂಬುದು ಆಯಿತು. 'ಪಾಲಿಸಿದರೆ' ಎಂಬ ಒಂದು ಪದ ದಾರಿಯಲ್ಲಿ ಎಲ್ಲೋ ಬಿದ್ದು ಹೋಯಿತು. ಈ ತಪ್ಪಿನ ಹೊಣೆಯಲ್ಲಿ ಮಾಧ್ಯಮದ ಪಾಲು ಚಿಕ್ಕದೇನಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2021ರ ಏಪ್ರಿಲ್ ಆರಂಭದಲ್ಲಿ ಅದೇ ಮಾಡೆಲ್ ಎರಡನೇ ಅಲೆ ಏಪ್ರಿಲ್ 15–20ರೊಳಗೆ ಶಿಖರ ಮುಟ್ಟುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಪ್ರಕರಣ ಎಂದಿತು. ನಾಲ್ಕೈದು ದಿನದಲ್ಲೇ ಲಕ್ಷ ದಾಟಿತು. ಏಪ್ರಿಲ್ ಕೊನೆಯ ಭಾಗದಲ್ಲಿ ಅಂದಾಜು ಬದಲಾಯಿತು: ಮೇ 11–15ಕ್ಕೆ ಶಿಖರ, ಸಕ್ರಿಯ ಪ್ರಕರಣ 33–35 ಲಕ್ಷ. ಸ್ವಲ್ಪ ದಿನದಲ್ಲಿ ಮತ್ತೆ ಬದಲಾಗಿ ಮೇ 14–18, 38–48 ಲಕ್ಷ ಎಂದಾಯಿತು. ನಿಜವಾಗಿ ಆದದ್ದು ಮೇ 10ರ ಸುಮಾರಿಗೆ 37 ಲಕ್ಷದಷ್ಟು. ಅಂದರೆ ಎರಡು ಮೂರು ವಾರ ಮೊದಲು ಹೇಳಿದ್ದು ಕೆಲಸಕ್ಕೆ ಬರುವಷ್ಟು ಹತ್ತಿರವಿತ್ತು. ಅಲೆ ಏರತೊಡಗಿದಾಗ ಹೇಳಿದ್ದು ಪೂರ್ತಿ ತಪ್ಪಿತ್ತು. ಎರಡನೇ ಅಲೆಯ ಸರಿಯಾದ ಸ್ವರೂಪ ಮೊದಲೇ ಹೇಳಲಾಗಲಿಲ್ಲವೆಂದು ಈ ವಿಜ್ಞಾನಿಗಳೇ ಮೇ ತಿಂಗಳಲ್ಲಿ ಒಪ್ಪಿಕೊಂಡರು. ಒಂದೇ ಮಾಡೆಲ್, ಒಂದೇ ತಂಡ, ಒಮ್ಮೆ ಸರಿ, ಒಮ್ಮೆ ತಪ್ಪು. 'ಆ ಮಾಡೆಲ್ ನಂಬಬಹುದಾ' ಎಂಬ ಪ್ರಶ್ನೆಯೇ ಅರ್ಧ. ಎಷ್ಟು ದಿನ ಮುಂದಿನ ಮಾತು, ರೋಗ ಏರುವ ಹೊತ್ತಿನದೋ ಇಳಿಯುವ ಹೊತ್ತಿನದೋ ಎಂಬುದು ಸೇರಿದರೆ ಮಾತ್ರ ಪ್ರಶ್ನೆ ಪೂರ್ತಿ.

ಎಂಟು ದಿನವೋ, ಹತ್ತು ದಿನವೋ

ದೂರ ಹೋದಂತೆ ಲೆಕ್ಕ ಯಾಕೆ ಕೆಡುತ್ತದೆ ಎಂಬುದನ್ನು ಕ್ಯಾಲ್ಕ್ಯುಲೇಟರ್‌ನಲ್ಲೇ ನೋಡಬಹುದು. ಇವತ್ತು ಒಂದು ಜಿಲ್ಲೆಯಲ್ಲಿ ದಿನಕ್ಕೆ 100 ಪ್ರಕರಣ ಎಂದುಕೊಳ್ಳಿ. ರೋಗ 10 ದಿನಕ್ಕೊಮ್ಮೆ ದುಪ್ಪಟ್ಟಾದರೆ 40 ದಿನದಲ್ಲಿ 1,600. ಎಂಟು ದಿನಕ್ಕೊಮ್ಮೆ ದುಪ್ಪಟ್ಟಾದರೆ 3,200. ಇದೇ 80 ದಿನಕ್ಕೆ ಎಳೆದರೆ ಮೊದಲನೆಯದು 25,600, ಎರಡನೆಯದು 1,02,400. ಶುರುವಿನಲ್ಲಿ ಎರಡು ದಿನದ ವ್ಯತ್ಯಾಸ, ಕೊನೆಗೆ ನಾಲ್ಕು ಪಟ್ಟು. ಎಂಟೋ ಹತ್ತೋ ಎಂಬುದನ್ನು ಶುರುವಿನ ಒಂದೆರಡು ವಾರದ ಅಂಕಿಯಿಂದ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಭಾನುವಾರ ಲ್ಯಾಬ್‌ನಲ್ಲಿ ಪರೀಕ್ಷೆ ಕಡಿಮೆ, ಹಾಗಾಗಿ ಮರುದಿನದ ಅಂಕಿ ಕಡಿಮೆ. ಅಷ್ಟರಿಂದಲೇ ಲೆಕ್ಕ ಅಲುಗಾಡುತ್ತದೆ. ಏಳು ದಿನದ ಸರಾಸರಿ ನೋಡಿ ಅಂತ ತಜ್ಞರು ಹೇಳುವುದು ಇದಕ್ಕೇ.

ಅಮೆರಿಕದಲ್ಲಿ 2020ರ ಏಪ್ರಿಲ್‌ನಿಂದ ಒಂದು ಒಳ್ಳೆಯ ಕೆಲಸ ನಡೆಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 'ಕೋವಿಡ್–19 ಫೋರ್‌ಕಾಸ್ಟ್ ಹಬ್' ಎಂಬ ಒಂದೇ ಜಾಗದಲ್ಲಿ ಹತ್ತಾರು ತಂಡಗಳ ಮುನ್ಸೂಚನೆಯನ್ನು ಪ್ರತಿ ವಾರ ಮುಂಚಿತವಾಗಿ ಪಡೆದು ದಾಖಲಿಸಿಟ್ಟರು. ಹೇಳಿದ ಮೇಲೆ ತಿದ್ದುವಂತಿಲ್ಲ. ವಾರ ಕಳೆದ ಮೇಲೆ ನಿಜವಾದ ಅಂಕಿಯ ಪಕ್ಕ ಇಟ್ಟು ಅಳೆಯುವುದು. ಸಾವಿನ ಮುನ್ಸೂಚನೆಗಳನ್ನು ಹೀಗೆ ಅಳೆದಾಗ ಮೂರು ವಿಷಯ ಗೊತ್ತಾಯಿತು. ಒಂದು ವಾರ ಮುಂದಿನ ಮಾತಿಗಿಂತ 20 ವಾರ ಮುಂದಿನ ಮಾತಿನಲ್ಲಿ ತಪ್ಪು ಮೂರರಿಂದ ಐದು ಪಟ್ಟು ಹೆಚ್ಚು. ಒಂಟಿ ಮಾಡೆಲ್‌ಗಳಿಗಿಂತ ಎಲ್ಲವನ್ನೂ ಸೇರಿಸಿ ಮಾಡಿದ ಒಟ್ಟು ಅಂದಾಜು ಹೆಚ್ಚು ಸ್ಥಿರವಾಗಿ ಸರಿಯಾಗಿರುತ್ತದೆ. ಮೂರನೆಯದು ಸ್ವಲ್ಪ ನಾಚಿಕೆಯ ವಿಷಯ: ಅಳೆದ ಮಾಡೆಲ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು, 'ಇವತ್ತು ಹೇಗಿದೆಯೋ ಮುಂದೆಯೂ ಹಾಗೇ' ಎಂಬ ಪೆದ್ದು ಲೆಕ್ಕವನ್ನೂ ಸೋಲಿಸಲಿಲ್ಲ.

ಈ ಪೆದ್ದು ಲೆಕ್ಕ ಬಹಳ ಉಪಯೋಗದ ಅಳತೆಗೋಲು. ಯಾವ ಮುನ್ಸೂಚನೆಯನ್ನಾದರೂ ಮೊದಲು ಇದರ ಪಕ್ಕ ನಿಲ್ಲಿಸಬೇಕು. ಜೂನ್‌ನಲ್ಲಿ ಕರಾವಳಿಯಲ್ಲಿ ಮಳೆ ಬರುತ್ತದೆ ಅಂತ ಹೇಳಲು ಸೂಪರ್ ಕಂಪ್ಯೂಟರ್ ಬೇಡ. ಮಳೆಗಾಲದಲ್ಲಿ ಡೆಂಗಿ ಏರುತ್ತದೆ ಎಂದರೂ ಅದೇ ಕಥೆ. ಯಾವ ಪಂಚಾಯತ್‌ನಲ್ಲಿ, ಯಾವ ವಾರದಲ್ಲಿ, ಕಳೆದ ವರ್ಷಗಳಿಗಿಂತ ಎಷ್ಟು ಹೆಚ್ಚು ಅಂತ ಹೇಳಿದರೆ ಮಾತ್ರ ಅದು ಮುನ್ಸೂಚನೆ.

ಬಿರಿಯಾನಿಯ ಲೆಕ್ಕ

ಮುನ್ಸೂಚನೆಗೆ ಅಂಕ ಕೊಡುವುದು ಹೇಗೆ? ಮದುವೆ ಮನೆಯ ಉದಾಹರಣೆ ಸಾಕು. ಅಡುಗೆಯವರು ಕೇಳುತ್ತಾರೆ, ಎಷ್ಟು ಜನ? ಒಬ್ಬರು "ಸಾವಿರ" ಎನ್ನುತ್ತಾರೆ. ಇನ್ನೊಬ್ಬರು "800ರಿಂದ 1,100" ಎನ್ನುತ್ತಾರೆ. ಮೂರನೆಯವರು, ಯಾವುದಕ್ಕೂ ಸಿಕ್ಕಿಹಾಕಿಕೊಳ್ಳಬಾರದು ಅಂತ, "200ರಿಂದ 3,000" ಎನ್ನುತ್ತಾರೆ. ಬಂದದ್ದು 1,050 ಜನ.

ಮೂರನೆಯವರು ಹೇಳಿದ್ದು ತಪ್ಪಲ್ಲ. ಆದರೆ ಅಷ್ಟು ಕೇಳಿಕೊಂಡು ಅಕ್ಕಿ ನೆನೆಸಲು ಆಗುತ್ತದಾ? ಮೊದಲನೆಯವರು ಹತ್ತಿರ ಬಂದರು, ಆದರೆ ಹೆಚ್ಚುಕಡಿಮೆ ಎಷ್ಟಾಗಬಹುದು ಅಂತ ಹೇಳಲೇ ಇಲ್ಲ. 50 ಜನಕ್ಕೆ ಕಡಿಮೆ ಬಿದ್ದರೆ ಮನೆಯವರ ಮಾನ ಹೋಗುತ್ತದೆ. ಎರಡನೆಯವರ ಮಾತಿನಿಂದ ಕೆಲಸ ಆಗುತ್ತದೆ. ಸಾವಿರ ಜನಕ್ಕೆ ಮಾಡಿ, ಇನ್ನು ನೂರು ಜನಕ್ಕೆ ಸಾಮಾನು ಎತ್ತಿಟ್ಟರೆ ಸಾಕು.

ವಿಜ್ಞಾನಿಗಳು ಮುನ್ಸೂಚನೆ ಅಳೆಯುವುದೂ ಹೆಚ್ಚುಕಡಿಮೆ ಹೀಗೇ. ಕೊಟ್ಟ ವ್ಯಾಪ್ತಿ ಅಗಲವಾದಷ್ಟು ದಂಡ. ನಿಜವಾದ ಅಂಕಿ ವ್ಯಾಪ್ತಿಯ ಹೊರಗೆ ಬಿದ್ದರೆ, ಎಷ್ಟು ದೂರ ಬಿತ್ತೋ ಅದಕ್ಕೆ ತಕ್ಕ ಹೆಚ್ಚಿನ ದಂಡ. ಒಟ್ಟು ದಂಡ ಯಾರದು ಕಡಿಮೆಯೋ ಅವರ ಮುನ್ಸೂಚನೆ ಉತ್ತಮ. ಹೀಗಾದರೆ ಜಾಣತನಕ್ಕೆ ಜಾಗವಿಲ್ಲ. ಎಲ್ಲವನ್ನೂ ಒಳಗೊಳ್ಳುವಷ್ಟು ಅಗಲ ಹೇಳಿದರೂ ಅಂಕ ಹೋಗುತ್ತದೆ, ಧೈರ್ಯ ತೋರಿಸಲು ಒಂದೇ ಅಂಕಿ ಹೇಳಿದರೂ ಹೋಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ತಾಳ್ಮೆ ಬೇಕು. "ಶೇ. 95ರಷ್ಟು ಖಚಿತ" ಅಂತ ಹೇಳುವವರು ನೂರು ಬಾರಿ ಹಾಗೆ ಹೇಳಿದಾಗ 95 ಬಾರಿಯಾದರೂ ನಿಜವಾದ ಅಂಕಿ ಅವರು ಹೇಳಿದ ವ್ಯಾಪ್ತಿಯೊಳಗೆ ಬರಬೇಕು. ಅರವತ್ತೇ ಬಾರಿ ಬಂದರೆ ಅವರಿಗೆ ತಮ್ಮ ಬಗ್ಗೆ ಅತಿಯಾದ ವಿಶ್ವಾಸ ಎಂದರ್ಥ. ಅಮೆರಿಕದ ಕೋವಿಡ್ ಪ್ರಕರಣಗಳ ಮುನ್ಸೂಚನೆಯಲ್ಲಿ ಇದೇ ಆಯಿತು. ರೋಗ ಸಮತಟ್ಟಾಗಿದ್ದಾಗ ಎಲ್ಲರೂ ಸರಿ. ಅಲೆ ದಿಢೀರ್ ಏರುವಾಗ, ಅಂದರೆ ಮುನ್ಸೂಚನೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ, ನಿಜವಾದ ಅಂಕಿ ಮತ್ತೆ ಮತ್ತೆ ಹೊರಗೆ ಬಿತ್ತು.

ಈ ಅಳತೆಗೋಲು ಕೈಯಲ್ಲಿಟ್ಟುಕೊಂಡು 2022ರ 'ನಾಲ್ಕನೇ ಅಲೆ'ಯ ಸುದ್ದಿ ನೆನಪಿಸಿಕೊಳ್ಳಿ. ಆ ವರ್ಷದ ಫೆಬ್ರವರಿಯಲ್ಲಿ ಕಾನ್ಪುರ ಐಐಟಿಯ ಗಣಿತ ಮತ್ತು ಸಂಖ್ಯಾಶಾಸ್ತ್ರ ವಿಭಾಗದ ಒಂದು ಬರಹ ಹೊರಬಂತು. 'ಸೂತ್ರ' ತಂಡದ್ದಲ್ಲ, ಬೇರೆಯವರದು. ಜೂನ್ 22ರ ಸುಮಾರಿಗೆ ಅಲೆ ಶುರು, ಆಗಸ್ಟ್ 23ಕ್ಕೆ ಶಿಖರ, ಅಕ್ಟೋಬರ್ 24ಕ್ಕೆ ಅಂತ್ಯ. ಜಿಂಬಾಬ್ವೆಯ ಅಂಕಿಅಂಶದ ಗೆರೆಗೆ ಭಾರತದ ಗೆರೆ ಹೊಂದಿಸಿ ಮಾಡಿದ ಲೆಕ್ಕ. ಬೇರೆ ತಜ್ಞರ ಪರಿಶೀಲನೆ ಆಗುವ ಮೊದಲೇ ಟಿವಿ ಚಾನೆಲ್‌ಗಳು ದಿನಾಂಕ ಸಮೇತ ಬಿತ್ತರಿಸಿದವು. ಗಲ್ಫ್‌ನಿಂದ ರಜೆಗೆ ಟಿಕೆಟ್ ಮಾಡಿದ್ದವರು, ಹಾಲ್ ಬುಕ್ ಮಾಡಿದ್ದವರು ಗಾಬರಿಯಾಗಲು ಅಷ್ಟು ಸಾಕಾಗಿತ್ತು.

ನಿಜವಾಗಿ ಆದದ್ದು ಏನು? ಜೂನ್‌ನಿಂದ ಪ್ರಕರಣ ಸ್ವಲ್ಪ ಏರಿ, ಜುಲೈ ಮಧ್ಯದಲ್ಲಿ ದಿನಕ್ಕೆ 20 ಸಾವಿರದ ಆಸುಪಾಸಿಗೆ ಬಂದು, ಆಗಸ್ಟ್‌ನಲ್ಲಿ ಇಳಿಯಿತು. ಶಿಖರ ಅಂತ ಹೇಳಿದ್ದ ದಿನ ಬಂದಾಗ ಗೆರೆ ಕೆಳಗೆ ಹೋಗುತ್ತಿತ್ತು. ಆದರೂ "ಜೂನ್‌ನಲ್ಲಿ ಏರಿತಲ್ಲ, ಹೇಳಿದ್ದು ಸರಿಯಾಯಿತು" ಅಂದವರಿದ್ದಾರೆ. ಹಾಗನ್ನಲು ಅವಕಾಶ ಯಾಕೆ ಸಿಕ್ಕಿತು ಅಂದರೆ, ಅಲೆ ಎಷ್ಟು ದೊಡ್ಡದು ಅಂತ ಆ ಬರಹ ಹೇಳಿರಲೇ ಇಲ್ಲ. ತೀವ್ರತೆ ಹೊಸ ರೂಪಾಂತರಿಯನ್ನು ಅವಲಂಬಿಸಿದೆ ಎಂದಷ್ಟೇ ಇತ್ತು. ನಾಲ್ಕು ತಿಂಗಳ ಮೊದಲೇ ದಿನಾಂಕ ಗೊತ್ತು, ಗಾತ್ರ ಗೊತ್ತಿಲ್ಲ. ಯಾವ ಫಲಿತಾಂಶ ಬಂದರೆ ತಾನು ತಪ್ಪು ಅಂತ ಒಪ್ಪಿಕೊಳ್ಳಬೇಕಾಗುತ್ತದೋ ಅದನ್ನೇ ಹೇಳದ ಮುನ್ಸೂಚನೆಯನ್ನು ಪಂಚಾಂಗದ ಜತೆ ಇಡಬಹುದು.

'ಏನೂ ಮಾಡದಿದ್ದರೆ' ಎಂಬ ಮಾತು

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡುತ್ತಿದ್ದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಒಂದು ಲೆಕ್ಕ ಪ್ರಕಟಿಸಿತು. ಹೆಚ್ಚುವರಿ ಕ್ರಮ ಕೈಗೊಳ್ಳದಿದ್ದರೆ 2015ರ ಜನವರಿ 20ರ ವೇಳೆಗೆ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ನಲ್ಲಿ 5.5 ಲಕ್ಷ ಪ್ರಕರಣ. ವರದಿಯಾಗದ್ದನ್ನೂ ಸೇರಿಸಿದರೆ 14 ಲಕ್ಷ. ಕೊನೆಗೆ ಗಿನಿ ಸಹಿತ ಮೂರು ದೇಶಗಳಲ್ಲಿ ಒಟ್ಟು ದಾಖಲಾದದ್ದು ಸುಮಾರು 28,600 ಪ್ರಕರಣ, 11,300ರಷ್ಟು ಸಾವು.

ಐವತ್ತು ಪಟ್ಟು ತಪ್ಪು ಅಂತ ನಗಬಹುದು. ಆದರೆ ಆ ವರದಿ ಮುಂದೇನಾಗುತ್ತದೆ ಅಂತ ಹೇಳಿರಲಿಲ್ಲ. ಕೈಕಟ್ಟಿ ಕುಳಿತರೆ ಏನಾದೀತು ಎಂದು ಹೇಳಿತ್ತು. ರೋಗಿಗಳಲ್ಲಿ ಶೇ. 70ರಷ್ಟು ಜನರನ್ನು ಪ್ರತ್ಯೇಕವಾಗಿಟ್ಟು ಆರೈಕೆ ಮಾಡಿ, ಮೃತರ ದಫನವನ್ನು ಸುರಕ್ಷಿತವಾಗಿ ಮಾಡಿದರೆ ರೋಗ ಇಳಿಯುತ್ತದೆ ಎಂಬ ಇನ್ನೊಂದು ಗೆರೆಯೂ ಅದರಲ್ಲಿತ್ತು. ಜಗತ್ತು ಕೈಕಟ್ಟಿ ಕೂರಲಿಲ್ಲ. ಹಣ, ವೈದ್ಯರು, ಸೈನಿಕರು ಹೋದರು, ಊರಿನ ಜನರೇ ತಮ್ಮ ಪದ್ಧತಿ ಬದಲಿಸಿಕೊಂಡರು. 2020ರ ಮಾರ್ಚ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜ್ ಬ್ರಿಟನ್ನಿನಲ್ಲಿ 5.1 ಲಕ್ಷ ಸಾವು ಎಂದದ್ದೂ ಇದೇ ಬಗೆಯ ಮಾತು. ಯಾವ ನಿಯಂತ್ರಣವೂ ಇಲ್ಲದಿದ್ದರೆ ಎಂಬ ಷರತ್ತು ಅದರ ಜತೆಗಿತ್ತು.

ಹಾಗಂತ ಷರತ್ತಿನ ಲೆಕ್ಕಕ್ಕೆ ಯಾವ ಪರೀಕ್ಷೆಯೂ ಬೇಡ ಎಂದಲ್ಲ. ಷರತ್ತು ಎಷ್ಟು ವಾಸ್ತವ ಎಂಬುದನ್ನು ಪ್ರಶ್ನಿಸಲೇಬೇಕು. ಎದುರಲ್ಲಿ ಜನ ಸಾಯುತ್ತಿರುವಾಗ ಯಾವ ಊರಿನವರೂ ಏನೂ ಮಾಡದೆ ಇರುವುದಿಲ್ಲ, ಸರ್ಕಾರ ಹೇಳದಿದ್ದರೂ ಮನೆಯೊಳಗೆ ಸೇರುತ್ತಾರೆ. ಆ ಸಾಮಾನ್ಯ ಮನುಷ್ಯಸ್ವಭಾವವನ್ನು ಬಿಟ್ಟ ಲೆಕ್ಕ ಹೆದರಿಸಲು ಒಳ್ಳೆಯದು, ಹಾಸಿಗೆ ಎಷ್ಟು ಬೇಕು ಅಂತ ಎಣಿಸಲು ಅಲ್ಲ.

ಅಂಕಿ ಬರುವುದು ಎಲ್ಲಿಂದ?

ಮಾಡೆಲ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಕೊಡುವ ಅಂಕಿ ಕೆಟ್ಟಿದ್ದರೆ ಹೊರಗೆ ಬರುವುದೂ ಕೆಟ್ಟದ್ದೇ. ಗಡಿನಾಡಿನಲ್ಲಿ ಈ ತೊಂದರೆ ದುಪ್ಪಟ್ಟು. ಎಣ್ಮಕಜೆಯ ಒಬ್ಬರಿಗೆ ಜ್ವರ ಬರುತ್ತದೆ. ಮೊದಲು ಹತ್ತಿರದ ಕ್ಲಿನಿಕ್, ನಂತರ ಮಂಗಳೂರಿನ ಆಸ್ಪತ್ರೆ, ರಕ್ತ ಪರೀಕ್ಷೆ ಅಲ್ಲಿ. ಸೊಳ್ಳೆ ಕಚ್ಚಿದ್ದು ಕೇರಳದಲ್ಲಿ, ವರದಿಯಾದದ್ದು ಕರ್ನಾಟಕದಲ್ಲಿ. ಆ ಮಾಹಿತಿ ಮರಳಿ ಎಣ್ಮಕಜೆಯ ಆರೋಗ್ಯ ಕಾರ್ಯಕರ್ತರಿಗೆ ತಲುಪಲು ಎಷ್ಟು ದಿನ? ತಲುಪುವ ಮೊದಲು ಮಾಡಿದ ಲೆಕ್ಕದಲ್ಲಿ ಆ ಪಂಚಾಯತ್ ಶಾಂತವಾಗಿಯೇ ಕಾಣುತ್ತದೆ.

ದೇಶದ ಸರಾಸರಿಯೂ ಹಾಗೇ ಮೋಸ ಮಾಡುತ್ತದೆ. ಐಸಿಎಂಆರ್ 2021ರ ಜೂನ್–ಜುಲೈಯಲ್ಲಿ ನಡೆಸಿದ ರಕ್ತ ಸಮೀಕ್ಷೆಯಲ್ಲಿ ದೇಶದ ಶೇ. 67.6 ಜನರಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯ ಕಂಡುಬಂತು. ಕೇರಳದಲ್ಲಿ ಶೇ. 44.4 ಮಾತ್ರ. ಅಂದರೆ ರೋಗ ತಗಲದೆ ಉಳಿದವರು ಕೇರಳದಲ್ಲೇ ಹೆಚ್ಚು. ಹಾಗಾಗಿ ಆಗಸ್ಟ್‌ನಲ್ಲಿ ದೇಶಕ್ಕೆ ದೇಶವೇ ಎರಡನೇ ಅಲೆ ಮುಗಿಯಿತು ಎನ್ನುತ್ತಿದ್ದಾಗ ದಿನದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇರಳದಿಂದ ಬರುತ್ತಿತ್ತು. ತಲಪಾಡಿಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ನೆಗೆಟಿವ್ ವರದಿ ಹಿಡಿದು ಸಾಲು ನಿಂತಿದ್ದು ಇದರಿಂದಲೇ. ಅವರಿಗೆ ದೆಹಲಿಯ ಗೆರೆಯಿಂದ ಏನೂ ಪ್ರಯೋಜನವಿರಲಿಲ್ಲ.

ಮುನ್ಸೂಚನೆ ಹೇಳುವುದು ದಾಖಲಾಗುವ ಪ್ರಕರಣವನ್ನೋ, ನಿಜವಾಗಿ ಆಗುವುದನ್ನೋ ಎಂಬುದೂ ಮುಖ್ಯ. 2020–21ರಲ್ಲಿ ಭಾರತದಲ್ಲಿ ಕೋವಿಡ್‌ನಿಂದ ಸತ್ತವರು ಅಧಿಕೃತವಾಗಿ ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇಯಲ್ಲಿ ಕೊಟ್ಟ ಹೆಚ್ಚುವರಿ ಸಾವಿನ ಅಂದಾಜು 47 ಲಕ್ಷ. ಭಾರತ ಸರ್ಕಾರ ಆ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ಯಾವ ಅಂಕಿಯ ಪಕ್ಕ ಇಟ್ಟು ಅಳೆಯುತ್ತೀರೋ ಅದರ ಮೇಲೆ ಒಂದೇ ಮುನ್ಸೂಚನೆ ಸರಿಯೂ ಆಗಬಹುದು, ತಪ್ಪೂ ಆಗಬಹುದು.

ಎಐ ಬಂದಿದೆ, ಇನ್ನು ಇದೆಲ್ಲ ಸಲೀಸು ಎನ್ನುವ ಯುವಕರಿಗೆ ಗೂಗಲ್‌ನ ಕಥೆ ಗೊತ್ತಿರಲಿ. ಜನ ಜ್ವರದ ಬಗ್ಗೆ ಏನು ಹುಡುಕುತ್ತಾರೆ ಎಂಬುದರಿಂದಲೇ ಫ್ಲೂ ಅಂದಾಜಿಸುವ 'ಗೂಗಲ್ ಫ್ಲೂ ಟ್ರೆಂಡ್ಸ್' 2008ರಲ್ಲಿ ಬಂತು, ಜಗತ್ತೇ ಬೆರಗಾಯಿತು. ಮರುವರ್ಷ ಎಚ್1ಎನ್1 ಬಂದಾಗ ಮೊದಲ ಅಲೆ ಅದರ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. 2012–13ರಲ್ಲಿ ನಿಜಕ್ಕಿಂತ ಸುಮಾರು ದುಪ್ಪಟ್ಟು ಹೇಳಿತು. ಸುದ್ದಿ ನೋಡಿ ಹೆದರಿದವರೂ, ಜ್ವರ ಬಂದವರೂ ಒಂದೇ ಪದ ಹುಡುಕುತ್ತಾರಲ್ಲ. 2015ರಲ್ಲಿ ಅದು ಮುಚ್ಚಿತು.

ಹಾಳೆಯ ನೀರು ಚೆಲ್ಲಲು ಎಷ್ಟು ಖಚಿತತೆ ಬೇಕು?

ಇಷ್ಟೆಲ್ಲ ತಪ್ಪುಗಳಿದ್ದರೆ ಮುನ್ಸೂಚನೆ ಯಾಕೆ ಬೇಕು ಎಂದು ಕೇಳಬಹುದು. ಉತ್ತರ ಅಡಿಕೆ ತೋಟದಲ್ಲಿದೆ.

ಕಾಸರಗೋಡಿನ ಮಲೆ ಬದಿಯ ಪಂಚಾಯತ್‌ಗಳಲ್ಲಿ, ಗಡಿಯಾಚೆ ದಕ್ಷಿಣ ಕನ್ನಡದಲ್ಲಿ, ಡೆಂಗಿ ಪ್ರತಿ ಮಳೆಗಾಲದ ಸಂಗತಿ. ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ಕೊಕ್ಕೋ ಸಿಪ್ಪೆ, ಟೈರ್, ಟೆರೇಸಿನ ಟ್ಯಾಂಕ್ ಎಲ್ಲೆಲ್ಲೂ ಈಡಿಸ್ ಸೊಳ್ಳೆಗೆ ಜಾಗವಿದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರಿಲ್ಲದೆಯೂ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆ ಮತ್ತು ಡೆಂಗಿಯ ಸಂಬಂಧ ಮೇಲ್ನೋಟಕ್ಕೆ ಕಾಣುವಷ್ಟು ನೇರವೂ ಅಲ್ಲ. ಪುಣೆಯ ಡೆಂಗಿ ಸಾವುಗಳ ಬಗ್ಗೆ ಅಲ್ಲಿನ ಹವಾಮಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಅಧ್ಯಯನದ ಪ್ರಕಾರ, ಬಿಟ್ಟು ಬಿಟ್ಟು ಬರುವ ಹದವಾದ ಮಳೆ ಸೊಳ್ಳೆಗೆ ಅನುಕೂಲ. ವಾರಕ್ಕೆ 150 ಮಿ.ಮೀ. ಮೀರಿದರೆ ಮೊಟ್ಟೆ, ಮರಿ ಕೊಚ್ಚಿಕೊಂಡು ಹೋಗುತ್ತವೆ. ಪುಣೆಯ ಈ ಅಳತೆಯನ್ನು ಕರಾವಳಿಗೆ ಹಾಗೇ ತಂದು ಕೂರಿಸಲಾಗದು, ಇಲ್ಲಿ ಮಳೆಯ ಲೆಕ್ಕವೇ ಬೇರೆ. ಆದರೆ ಮಳೆ, ಸೆಕೆ, ಕಳೆದ ವಾರಗಳ ಪ್ರಕರಣ ಸೇರಿಸಿ ನಾಲ್ಕು ವಾರ ಮುಂಚೆ ಎಚ್ಚರಿಸುವ ಕೆಲಸ ಸಾಧ್ಯ. ಬೆಂಗಳೂರಿನ ಐಐಎಸ್‌ಸಿಯ ಆರ್ಟ್‌ಪಾರ್ಕ್ ಕರ್ನಾಟಕದ ಆರೋಗ್ಯ ಇಲಾಖೆ ಜತೆ ಸೇರಿ ಇಂಥದ್ದೇ ಪ್ರಯತ್ನ ಮಾಡುತ್ತಿದೆ.

ಈಗ ಮುಂದಿನ ತಿಂಗಳು ಒಂದು ಪಂಚಾಯತ್‌ನಲ್ಲಿ ಡೆಂಗಿ ಏರುವ ಸಾಧ್ಯತೆ ಶೇ. 30 ಎಂಬ ಎಚ್ಚರಿಕೆ ಬಂತು ಎಂದುಕೊಳ್ಳಿ. ಅಂಥ ಹತ್ತು ಎಚ್ಚರಿಕೆಯಲ್ಲಿ ಏಳು ಸುಳ್ಳಾಗುತ್ತವೆ. ಆದರೂ ಹಾಳೆ ಮಗುಚಿ ಹಾಕಬೇಕಾ? ಖಂಡಿತ. ಅದಕ್ಕೆ ಬೇಕಾದ್ದು ಭಾನುವಾರದ ಅರ್ಧ ಗಂಟೆ. ತಪ್ಪಾದರೆ ಹೋಗುವುದು ಅಷ್ಟೇ, ಸರಿಯಾದರೆ ಉಳಿಯುವುದು ಒಂದು ಜೀವ. ಕೇರಳದಲ್ಲಿ ಶುಕ್ರವಾರ ಶಾಲೆಯಲ್ಲಿ, ಶನಿವಾರ ಕಚೇರಿಯಲ್ಲಿ, ಭಾನುವಾರ ಮನೆಯಲ್ಲಿ 'ಡ್ರೈ ಡೇ' ಮಾಡಿ ಅಂತ ಹೇಳುವುದರ ಹಿಂದಿನ ಲೆಕ್ಕವೂ ಇದೇ: ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೊಳ್ಳೆ ಹಾರುವ ಮೊದಲೇ ಮುಗಿಯುತ್ತದೆ.

ಅದೇ ಶೇ. 30 ಸಾಧ್ಯತೆಗೆ ಶಾಲೆ ಮುಚ್ಚಬೇಕಾ, ಸಂತೆ ನಿಲ್ಲಿಸಬೇಕಾ, ಗಡಿ ಬಂದ್ ಮಾಡಬೇಕಾ? ಅಲ್ಲಿ ತಪ್ಪಾದರೆ ದಿನಗೂಲಿಯವರ ಅನ್ನ ಹೋಗುತ್ತದೆ, ಡಯಾಲಿಸಿಸ್ ರೋಗಿಯ ಉಸಿರು ಹೋಗುತ್ತದೆ. ಅಷ್ಟು ದುಬಾರಿ ಹೆಜ್ಜೆಗೆ ಅಷ್ಟೇ ಗಟ್ಟಿಯಾದ ಸಾಕ್ಷ್ಯ ಕೇಳುವ ಹಕ್ಕು ಜನರಿಗಿದೆ. ಮುನ್ಸೂಚನೆ ಎಷ್ಟು ಖಚಿತ ಎಂಬುದನ್ನು ಒಂಟಿಯಾಗಿ ನೋಡಿ ಪ್ರಯೋಜನವಿಲ್ಲ. ಅದನ್ನು ನಂಬಿ ಏನು ಮಾಡಲು ಹೊರಟಿದ್ದಾರೆ, ತಪ್ಪಾದರೆ ಬೆಲೆ ಯಾರು ತೆರುತ್ತಾರೆ ಎಂಬುದರ ಜತೆಗೇ ನೋಡಬೇಕು. 2020ರ ಮಾರ್ಚ್‌ನಲ್ಲಿ ಗಡಿಯಲ್ಲಿ ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕೆಲವು ರೋಗಗಳಿಗೆ ಯಾವ ಗೆರೆಯೂ ಎಳೆಯಲಾಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಿಪಾ 2018ರಲ್ಲಿ ಕೋಝಿಕೋಡ್ ಭಾಗದಲ್ಲಿ ಅಧಿಕೃತ ಲೆಕ್ಕದಂತೆ 17 ಜೀವ ತೆಗೆಯಿತು. ಆಮೇಲೆ 2019ರಲ್ಲಿ ಎರ್ನಾಕುಲಂ, 2021 ಮತ್ತು 2023ರಲ್ಲಿ ಮತ್ತೆ ಕೋಝಿಕೋಡ್, 2024ರಲ್ಲಿ ಮಲಪ್ಪುರಂ. ಮೇಯಿಂದ ಸೆಪ್ಟೆಂಬರ್‌ವರೆಗೆ ಕಣ್ಣಿಟ್ಟಿರಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಬಾವಲಿಯಿಂದ ಯಾವ ಊರಿನ ಯಾರಿಗೆ ಬರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅಲ್ಲಿ ಜನರನ್ನು ಉಳಿಸುವುದು ಮುನ್ಸೂಚನೆ ಅಲ್ಲ, ಮೊದಲ ಜ್ವರದಲ್ಲೇ ಅನುಮಾನ ಪಡುವ ಒಬ್ಬ ವೈದ್ಯ ಮತ್ತು ರೋಗಿಯ ಹತ್ತಿರ ಬಂದವರನ್ನೆಲ್ಲ ರಾತ್ರೋರಾತ್ರಿ ಹುಡುಕುವ ಆರೋಗ್ಯ ಕಾರ್ಯಕರ್ತರು.

ಡೆಂಗಿಯಲ್ಲಿ ಹಾಗಲ್ಲ, ಅಲ್ಲಿ ಎಚ್ಚರಿಕೆಗೆ ಸಮಯವಿದೆ. ಎಚ್ಚರಿಕೆ ಬಂದ ಮೇಲೆ ಊರಿನವರು ತೋಟ ಸ್ವಚ್ಛ ಮಾಡಿ, ಡೆಂಗಿ ಬರದೇ ಹೋದರೆ, ಲೆಕ್ಕದ ಪುಸ್ತಕದಲ್ಲಿ ಅದು 'ತಪ್ಪಾದ ಮುನ್ಸೂಚನೆ' ಅಂತ ದಾಖಲಾಗುತ್ತದೆ. ಹಾಗಾಗಿ ವರ್ಷದ ಕೊನೆಗೆ ಅಂಕ ಕೊಡಲು ಕೂತಾಗ, ಎಚ್ಚರಿಕೆ ಬಂದೂ ಏನೂ ಮಾಡದ ಪಂಚಾಯತ್‌ನ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.